ಮಸೂರ ಮೊದಲು, ಕ್ಯಾಮರಾ ಆಮೇಲೆ

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಒಂದು ಮಸೂರವೋ, ಒಂದು ಫ್ಲಾಷ್ ದೀಪವೋ, ಚರ್ಮದ ಚೀಲದೊಳಗೆ ಒಂದು ಬೆಳಕುಮಾಪಕವೋ ಉಳಿದುಕೊಂಡಿರುವುದು ನಮ್ಮ ಸೀಮೆಯಲ್ಲಿ ಅಪರೂಪವೇನಲ್ಲ. ತಂದೆಯೋ ಸೋದರಮಾವನೋ ಒಂದು ಕಾಲದಲ್ಲಿ ಕೊಂಡಿದ್ದ ಕ್ಯಾಮರಾ ಕೆಟ್ಟುಹೋಗಿರುತ್ತದೆ, ಇಲ್ಲವೆ ಯಾರ ಕೈಗೋ ಸೇರಿರುತ್ತದೆ; ಅದರ ಪರಿವಾರ ಮಾತ್ರ ಮನೆಯಲ್ಲಿ ಉಳಿದಿರುತ್ತದೆ. ಫಿಲ್ಮ್ ಕ್ಯಾಮರಾಗಳ ಮೇಲೆ ತರುಣರಿಗೆ ಮತ್ತೆ ಒಲವು ಹುಟ್ಟಿರುವ ಈ ದಿನಗಳಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳ ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಸಾರ್, ಈ ಸಾಮಾನುಗಳಿಗೆ ಯಾವ ಹಳೆಯ ಕ್ಯಾಮರಾ ಕೊಳ್ಳಬೇಕು?”

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದು ಹೆಸರು. ಒಬ್ಬರು ನಿಕಾನ್ ಎನ್ನುತ್ತಾರೆ, ಮತ್ತೊಬ್ಬರು ಪೆಂಟಾಕ್ಸ್ ಎನ್ನುತ್ತಾರೆ, ಮೂರನೆಯವರು ರಷ್ಯದ ಜೆನಿತ್ ಆದರೆ ಸಾಕು ಎನ್ನುತ್ತಾರೆ. ಹೆಸರನ್ನು ನಂಬಿ ಹಣ ಕೊಟ್ಟು ತಂದ ಮೇಲೆ, ಮನೆಯಲ್ಲಿದ್ದ ಮಸೂರ ಅದಕ್ಕೆ ಕೂರುವುದಿಲ್ಲವೆಂದು ತಿಳಿಯುತ್ತದೆ. ಆಗ ಮತ್ತೊಂದು ಮಸೂರಕ್ಕೆ ಹಣ ಹುಡುಕಬೇಕು. ಇದ್ದ ಮಸೂರ ಪುನಃ ಪೆಟ್ಟಿಗೆಯನ್ನು ಸೇರಬೇಕು. ವಿದ್ಯಾರ್ಥಿಯ ಜೇಬಿಗೆ ಇದು ಸಣ್ಣ ನಷ್ಟವಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕ್ಯಾಮರಾ ಕೊಳ್ಳುವಾಗ ಹೆಸರು ಕೊನೆಯ ಪ್ರಶ್ನೆ. ಅಳತೆ ಮೊದಲ ಪ್ರಶ್ನೆ. ಕೈಯಲ್ಲಿರುವ ಸಾಮಾನುಗಳ ಪೈಕಿ ಮಸೂರ ಒಂದಕ್ಕೆ ಮಾತ್ರ ಕ್ಯಾಮರಾವನ್ನು ಆರಿಸುವ ಅಧಿಕಾರ ಕೊಡಬೇಕು. ಫ್ಲಾಷ್, ಮಾಪಕ, ಫಿಲ್ಟರು, ಟ್ರೈಪಾಡು ಇವುಗಳ ಮಾತನ್ನು ಕೇಳಬಹುದು. ಆದರೆ ತೀರ್ಪನ್ನು ಅವುಗಳ ಕೈಗೆ ಬಿಡಬಾರದು. ಹೀಗೇಕೆಂಬುದನ್ನು ತಿಳಿಯಲು ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು.

ನಮ್ಮ ಊರುಗಳ ಒಂದು ದೃಷ್ಟಾಂತದಿಂದ ವಿಷಯವನ್ನು ಸ್ಪಷ್ಟಪಡಿಸಬಹುದು. ಬೆಂಗಳೂರಿನಿಂದ ಅರಸೀಕೆರೆಯ ಮೇಲೆ ಬಂದು ಕಡೂರನ್ನು ದಾಟಿದ ರೈಲುಮಾರ್ಗವು ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಯ ಕಡೆಗೆ ಹೋಗುತ್ತದೆ. ಮೊದಲು ಇಲ್ಲಿನ ಹಳಿಗಳ ನಡುವಣ ಅಂತರ 1000 ಮಿ.ಮೀ. ಇತ್ತು, 1990ರ ದಶಕದಲ್ಲಿ ಅದು 1676 ಮಿ.ಮೀ. ಆಯಿತು. ಇದಲ್ಲದೆ 20ನೆಯ ಶತಮಾನದ ಪೂರ್ವಾರ್ಧದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕೇವಲ ಎರಡು ಅಡಿ, ಎಂದರೆ 610 ಮಿ.ಮೀ. ಅಂತರದ ಸಣ್ಣ ರೈಲೂ ಓಡುತ್ತಿತ್ತು. ಸಣ್ಣ ಹಳಿಯ ಬಂಡಿ ಎಷ್ಟೇ ಗಟ್ಟಿಯಾಗಿದ್ದರೂ ದೊಡ್ಡ ಹಳಿಯ ಮೇಲೆ ಅದು ಓಡಲಾರದು. ಎಂಜಿನ್ ಯಾವ ದೇಶದ್ದು, ಅದರ ಕೀರ್ತಿ ಎಂಥದು ಎಂಬುದನ್ನು ಹಳಿ ಕೇಳುವುದಿಲ್ಲ; ಗಾಲಿಗಳ ಅಂತರವೆಷ್ಟು ಎಂದಷ್ಟೇ ಕೇಳುತ್ತದೆ. ಮಸೂರಕ್ಕೂ ಕ್ಯಾಮರಾಗೂ ಇರುವ ಸಂಬಂಧ ಇಂಥದೇ.

ಮಸೂರವನ್ನು ಕೂರಿಸಲು ಕ್ಯಾಮರಾದ ಮುಂಭಾಗದಲ್ಲಿ ಒಂದು ಲೋಹದ ಉಂಗುರವಿರುತ್ತದೆ. ಈ ಉಂಗುರದ ಮುಖದಿಂದ ಒಳಗಿನ ಫಿಲ್ಮಿನವರೆಗೆ ಇರುವ ದೂರವನ್ನು ನಾವು ಇಲ್ಲಿ ‘ಪೀಠದೂರ’ ಎಂದು ಕರೆಯೋಣ. ಬಹು ದೂರದ ವಸ್ತುವಿನ ಬಿಂಬವು ಮಸೂರದ ಸಂಗಮಬಿಂದುವಿನಲ್ಲಿ ಮೂಡುತ್ತದೆಂಬುದು ವಾಚಕರಿಗೆ ತಿಳಿದಿದೆ. ಮಸೂರವನ್ನು ‘ಅನಂತ’ದ ಗುರುತಿಗೆ ತಿರುಗಿಸಿದಾಗ ಆ ಬಿಂಬ ಸರಿಯಾಗಿ ಫಿಲ್ಮಿನ ಮೇಲೆಯೇ ಬೀಳಬೇಕು. ಮಸೂರವನ್ನು ತಯಾರಿಸುವವನು ಒಂದು ನಿರ್ದಿಷ್ಟ ಪೀಠದೂರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದರ ಲೋಹದ ಕೊಳವೆಯನ್ನು ಕಡೆದಿರುತ್ತಾನೆ.

ಈ ದೂರವು ಎಲ್ಲ ಕ್ಯಾಮರಾಗಳಲ್ಲಿಯೂ ಒಂದೇ ಆಗಿದ್ದಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ. ಲೈಕಾ ತಿರುಪಿನ ಕ್ಯಾಮರಾಗಳಲ್ಲಿ ಅದು 28.8 ಮಿ.ಮೀ.; 1971ರ ಕೆನಾನ್ ಎಫ್‌ಡಿ ಪದ್ಧತಿಯಲ್ಲಿ 42 ಮಿ.ಮೀ.; 1958ರಲ್ಲಿ ಬಂದ ಮಿನೋಲ್ಟಾ ಪದ್ಧತಿಯಲ್ಲಿ 43.5 ಮಿ.ಮೀ.; ಪ್ರಾಕ್ಟಿಕಾ, ಹಳೆಯ ಪೆಂಟಾಕ್ಸ್, ಜೆನಿತ್‌ನ ಈಚಿನ ಮಾದರಿಗಳು ಬಳಸಿದ 42 ಮಿ.ಮೀ. ವ್ಯಾಸದ ತಿರುಪಿನಲ್ಲಿ 45.46 ಮಿ.ಮೀ.; 1972ರ ಒಲಿಂಪಸ್ ಓಎಂ ಪದ್ಧತಿಯಲ್ಲಿ 46 ಮಿ.ಮೀ.; 1959ರಿಂದ ಬಂದ ನಿಕಾನ್ ಎಫ್ ಪದ್ಧತಿಯಲ್ಲಿ 46.5 ಮಿ.ಮೀ. ಮೇಲುನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಈ ಕ್ಯಾಮರಾಗಳ ನಡುವೆ ಒಂದೊಂದು ಮಿಲಿಮೀಟರಿನ ಗೋಡೆಗಳಿವೆ.

ಒಂದು ಮಿಲಿಮೀಟರಿನಿಂದ ಏನಾಗುತ್ತದೆ ಎಂದು ಕೇಳುವವರು ಲೆಕ್ಕ ಮಾಡಿ ನೋಡಲಿ. 42 ಮಿ.ಮೀ. ತಿರುಪಿನ, 50 ಮಿ.ಮೀ. ಸಂಗಮದೂರದ ಒಂದು ಮಸೂರವನ್ನು ನಿಕಾನ್ ಕ್ಯಾಮರಾಗೆ ಹೇಗೋ ಕೂರಿಸಿದೆವು ಎಂದಿಟ್ಟುಕೊಳ್ಳೋಣ. ನಡುವೆ ಇಡುವ ಬಳೆಗೆ ದಪ್ಪವೇ ಇಲ್ಲವೆಂದು ಭಾವಿಸಿದರೂ, ಮಸೂರವು ಇರಬೇಕಾದುದಕ್ಕಿಂತ 1.04 ಮಿ.ಮೀ. ಮುಂದೆ ನಿಲ್ಲುತ್ತದೆ. ಬಿಂಬದ ದೂರ 50ರ ಬದಲು 51.04 ಮಿ.ಮೀ. ಆಯಿತು. ಮಸೂರದ ಸೂತ್ರದಲ್ಲಿ ಈ ಬೆಲೆಗಳನ್ನು ಹಾಕಿದರೆ ವಸ್ತುವಿನ ದೂರ ಸುಮಾರು 2454 ಮಿ.ಮೀ., ಎಂದರೆ ಎರಡೂವರೆ ಮೀಟರಿಗೂ ಕಡಿಮೆ. ಅದರಾಚೆ ಇರುವ ಯಾವುದನ್ನೂ ಆ ಜೋಡಿ ಸ್ಫುಟವಾಗಿ ಕಾಣಲಾರದು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಮುಂದೆ ಇಂಥ ಕ್ಯಾಮರಾ ಹಿಡಿದು ನಿಂತವನಿಗೆ ಹತ್ತಿರದ ಒಂದು ಕಂಬವೋ ಒಂದು ಮೂರ್ತಿಯೋ ದಕ್ಕೀತು, ದೇವಾಲಯ ದಕ್ಕದು.

ಇದಕ್ಕಿಂತಲೂ ಮೋಸಗೊಳಿಸುವ ಒಂದು ಸಂದರ್ಭವುಂಟು. 1952ರಲ್ಲಿ ಆರಂಭವಾದ ಜೆನಿತ್ ಕ್ಯಾಮರಾದ ಮೊದಲ ಮಾದರಿಗಳ ತಿರುಪು 39 ಮಿ.ಮೀ. ವ್ಯಾಸದ್ದು. ಲೈಕಾ ಪದ್ಧತಿಯ ಫೆಡ್, ಜೋರ್ಕಿ ಎಂಬ ಸೋವಿಯತ್ ಕ್ಯಾಮರಾಗಳ ತಿರುಪೂ 39 ಮಿ.ಮೀ. ವ್ಯಾಸದ್ದೇ. ಒಂದರ ಮಸೂರ ಇನ್ನೊಂದಕ್ಕೆ ಸಲೀಸಾಗಿ ತಿರುಗಿ ಕೂರುತ್ತದೆ. ಆದರೆ ಆ ಜೆನಿತ್‌ನ ಪೀಠದೂರ 45.2 ಮಿ.ಮೀ., ಫೆಡ್‌ನದು 28.8 ಮಿ.ಮೀ.; ಭೇದ 16.4 ಮಿ.ಮೀ. ಫೆಡ್‌ನ 50 ಮಿ.ಮೀ. ಮಸೂರವನ್ನು ಜೆನಿತ್‌ಗೆ ಹಾಕಿ ಅನಂತದ ಗುರುತಿಗಿಟ್ಟರೆ ಸುಮಾರು 20 ಸೆಂ.ಮೀ. ದೂರದಲ್ಲಿರುವ ಹೂವು ಸ್ಫುಟವಾಗಿ ಕಂಡೀತು. ಅದನ್ನು ಹಿಡಿದುಕೊಂಡಿರುವವರ ಮುಖ ಕಾಣದು. ಜೆನಿತ್‌ನ ಮಸೂರವನ್ನು ಫೆಡ್‌ಗೆ ಹಾಕಿದರಂತೂ ಮಸೂರವು ತನ್ನ ಸಂಗಮದೂರಕ್ಕಿಂತ ಹತ್ತಿರದಲ್ಲಿ ಫಿಲ್ಮನ್ನು ಎದುರಿಸುವುದರಿಂದ ಯಾವ ವಸ್ತುವಿನ ಬಿಂಬವೂ ನೆಟ್ಟಗೆ ಮೂಡದು. ಕೈಗೆ ಹೊಂದುವುದು ಬೇರೆ, ಬೆಳಕಿಗೆ ಹೊಂದುವುದು ಬೇರೆ. ‘ತಿರುಪು ಕೂತಿತು’ ಎಂಬ ಮಾರಾಟಗಾರನ ಮಾತು ಪರೀಕ್ಷೆಯ ಆರಂಭವೇ ಹೊರತು ಅಂತ್ಯವಲ್ಲ.

“ನಡುವೆ ಒಂದು ಅಡಾಪ್ಟರ್ ಬಳೆ ಹಾಕಿದರೆ ಎಲ್ಲವೂ ಸರಿಹೋಗುತ್ತದೆ” ಎಂಬುದು ಇಂದು ಬಹಳವಾಗಿ ಕೇಳಿಬರುವ ಸಮಾಧಾನ. ಇದರಲ್ಲಿ ಅರ್ಧ ಸತ್ಯವಿದೆ. ಮಸೂರದ ಪೀಠದೂರ ಹೆಚ್ಚಾಗಿದ್ದು ಕ್ಯಾಮರಾದ ಪೀಠದೂರ ಕಡಿಮೆಯಾಗಿದ್ದರೆ, ಆ ವ್ಯತ್ಯಾಸದಷ್ಟೇ ದಪ್ಪದ ಬಳೆ ಎರಡನ್ನೂ ಕೂಡಿಸಬಲ್ಲುದು. ನಿಕಾನ್ ಮಸೂರವನ್ನು ಕೆನಾನ್ ಎಫ್‌ಡಿ ಕ್ಯಾಮರಾಗೆ ಕೂಡಿಸಲು 46.5ರಿಂದ 42ನ್ನು ಕಳೆದು 4.5 ಮಿ.ಮೀ. ದಪ್ಪದ ಬಳೆ ಸಾಕು. ಇದಕ್ಕೆ ವಿಪರೀತವಾಗಿ ಕೆನಾನ್ ಮಸೂರವನ್ನು ನಿಕಾನ್‌ಗೆ ಕೂಡಿಸಹೊರಟರೆ ಬಳೆಯ ದಪ್ಪ ಋಣಸಂಖ್ಯೆಯಾಗುತ್ತದೆ. ಋಣ ದಪ್ಪದ ಬಳೆಯನ್ನು ಕಡೆಯುವ ಕಮ್ಮಾರ ಇನ್ನೂ ಹುಟ್ಟಿಲ್ಲ. ಬಳೆಯೊಳಗೆ ಮತ್ತೊಂದು ಗಾಜನ್ನಿಟ್ಟು ಈ ಕೊರತೆಯನ್ನು ತುಂಬುವುದುಂಟು. ಆದರೆ ಅಗ್ಗದ ಗಾಜನ್ನು ನಡುವೆ ಇಟ್ಟರೆ ಉತ್ತಮ ಮಸೂರದ ಗುಣವೇ ಕೆಡುತ್ತದೆ.

ಈ ನಿಯಮದಿಂದ ಕೊಳ್ಳುವವನಿಗೆ ಒಂದು ಸುಲಭ ಸೂತ್ರ ದೊರೆಯುತ್ತದೆ: ಕ್ಯಾಮರಾದ ಪೀಠದೂರ ಮಸೂರದ್ದಕ್ಕೆ ಸಮವಾಗಿರಲಿ, ಇಲ್ಲವೆ ಅದಕ್ಕಿಂತ ಕಡಿಮೆ ಇರಲಿ, ಹೆಚ್ಚಾಗಿರುವುದು ಬೇಡ. ಸಮವಾಗಿರುವುದಕ್ಕೆ ಒಳ್ಳೆಯ ಉದಾಹರಣೆ ಪೆಂಟಾಕ್ಸ್. 1975ರಲ್ಲಿ ಆ ಸಂಸ್ಥೆ ತಿರುಪನ್ನು ಬಿಟ್ಟು ಕೆ ಎಂಬ ಹೊಸ ಪದ್ಧತಿಯನ್ನು ತಂದಾಗ ಪೀಠದೂರವನ್ನು ಮೊದಲಿನಂತೆ 45.46 ಮಿ.ಮೀ. ಆಗಿಯೇ ಉಳಿಸಿಕೊಂಡಿತು. ಹೊಸ ಬಾಯಿ ಹಳೆಯದಕ್ಕಿಂತ ಅಗಲವಾದ್ದರಿಂದ, ಅದರೊಳಗೇ ಅಡಗುವ ತೆಳುವಾದ ಬಳೆಯ ಸಹಾಯದಿಂದ ಹಳೆಯ ತಿರುಪಿನ ಮಸೂರಗಳು ಅನಂತದವರೆಗೂ ಸರಿಯಾಗಿ ಕೆಲಸ ಮಾಡುತ್ತವೆ. ಹೊಸದನ್ನು ತರುವಾಗ ಹಳೆಯದರ ಅಳತೆಯನ್ನು ಗೌರವಿಸುವುದೆಂದರೆ ಇದು.

ಇನ್ನು ಉಳಿದ ಸಾಮಾನುಗಳ ವಿಚಾರ. ಟ್ರೈಪಾಡು ಯಾವ ತಕರಾರನ್ನೂ ಮಾಡುವುದಿಲ್ಲ. ಕಾಲು ಅಂಗುಲ ವ್ಯಾಸದ, ಅಂಗುಲಕ್ಕೆ 20 ಸುತ್ತಿನ ಅದರ ತಿರುಪುಮೊಳೆ ಬಹುತೇಕ ಎಲ್ಲ ಕ್ಯಾಮರಾಗಳಿಗೂ ಹೊಂದುತ್ತದೆ. ಕೆಲವು ಹಳೆಯ ಯುರೋಪಿನ ಕ್ಯಾಮರಾಗಳ ತಳದಲ್ಲಿರುವ ಮೂರು-ಎಂಟಾಂಶ ಅಂಗುಲದ ತೂತಿಗೆ ಸಣ್ಣದೊಂದು ಹಿತ್ತಾಳೆಯ ಬಿರಡೆ ಸಾಕು. ಫಿಲ್ಟರುಗಳಿಗೆ 49, 52, 55 ಮಿ.ಮೀ. ಎಂಬ ಬೇರೆ ಬೇರೆ ವ್ಯಾಸಗಳಿವೆ. ದೊಡ್ಡ ಫಿಲ್ಟರನ್ನು ಸಣ್ಣ ಮಸೂರಕ್ಕೆ ಬಳೆಯಿಂದ ಕೂಡಿಸಬಹುದು. ಸಣ್ಣದನ್ನು ದೊಡ್ಡದಕ್ಕೆ ಕೂಡಿಸಿದರೆ ಚಿತ್ರದ ಮೂಲೆಗಳು ಕಪ್ಪಾಗುವ ಸಂಭವವಿದೆ.

ಬೆಳಕುಮಾಪಕದಲ್ಲಿ ಎರಡು ಬಗೆ. ಸೆಲೆನಿಯಮ್ ಮಾಪಕಕ್ಕೆ ಬ್ಯಾಟರಿ ಬೇಡ. ಬೆಳಕೇ ಅದರಲ್ಲಿ ವಿದ್ಯುತ್ತನ್ನು ಉಂಟುಮಾಡುತ್ತದೆ. ಆದರೆ ಮುಪ್ಪಾದಂತೆ ಅದು ಬಲಗುಂದುತ್ತದೆ. ಇನ್ನೊಂದು ಬಗೆಯ ಹಲವು ಮಾಪಕಗಳು 1.35 ವೋಲ್ಟಿನ ಪಾದರಸದ ಬ್ಯಾಟರಿಗಾಗಿ ರಚಿತವಾದವು. ಪಾದರಸ ವಿಷವಾದ್ದರಿಂದ ಆ ಬ್ಯಾಟರಿ ಈಗ ಅಂಗಡಿಗಳಲ್ಲಿಲ್ಲ. ಅದರ ಸ್ಥಾನದಲ್ಲಿ 1.5 ವೋಲ್ಟಿನ ಸಾಮಾನ್ಯ ಬ್ಯಾಟರಿ ಹಾಕಿದರೆ ಹಲವು ಮಾಪಕಗಳ ಮುಳ್ಳು ಸುಳ್ಳು ಹೇಳುತ್ತದೆ. ಬ್ಯಾಟರಿ ಹಳೆಯದಾದಂತೆ ಆ ಸುಳ್ಳೂ ಬದಲಾಗುತ್ತದೆ. ಹೀಗಿರುವುದರಿಂದ ಹಳೆಯ ಮಾಪಕವನ್ನು ನೆಚ್ಚಿ ಕ್ಯಾಮರಾ ಆರಿಸುವುದು ಸಲ್ಲದು.

ಫ್ಲಾಷ್ ವಿಷಯದಲ್ಲಿ ಮಾತ್ರ ಎಚ್ಚರಿಕೆ ಅಗತ್ಯ. ಹಳೆಯ ಫ್ಲಾಷ್ ದೀಪಗಳಲ್ಲಿ ಕೆಲವು ಕ್ಯಾಮರಾದ ಸಂಪರ್ಕಬಿಂದುವಿಗೆ 200 ವೋಲ್ಟಿಗೂ ಮೀರಿದ ಒತ್ತಡವನ್ನು ಕೊಡುತ್ತವೆ. ಬರಿಯ ಲೋಹದ ಸ್ಪರ್ಶದಿಂದ ನಡೆಯುವ ಯಾಂತ್ರಿಕ ಕ್ಯಾಮರಾ ಇದನ್ನು ತಡೆದುಕೊಳ್ಳಬಹುದು. ಎಲೆಕ್ಟ್ರಾನಿಕ್ ಮಂಡಲಗಳಿರುವ ಕ್ಯಾಮರಾ ಸುಟ್ಟುಹೋಗಬಹುದು. ಷಟರಿನ ವೇಗವೂ ಇಲ್ಲಿ ಮುಖ್ಯ. ಫ್ಲಾಷ್ ಹೊಳೆಯುವ ಕ್ಷಣದಲ್ಲಿ ಷಟರಿನ ಪರದೆ ಪೂರ್ತಿಯಾಗಿ ತೆರೆದಿರಬೇಕು. ಜೆನಿತ್-ಇ ಕ್ಯಾಮರಾದಲ್ಲಿ ಇದು ಸಾಧ್ಯವಾಗುವುದು ಸೆಕೆಂಡಿನ 1/30 ಭಾಗದಲ್ಲಿ. 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ1000ದಲ್ಲಿ 1/60 ಭಾಗದಲ್ಲಿ. ಅದಕ್ಕಿಂತ ಹೆಚ್ಚಿನ ವೇಗವಿಟ್ಟರೆ ಚಿತ್ರದ ಒಂದು ಭಾಗ ಕತ್ತಲೆಯಾಗುತ್ತದೆ.

ನಮ್ಮ ಮಾತಿಗೆ ಎರಡು ಆಕ್ಷೇಪಣೆಗಳು ಬರಬಹುದು. ದಾರಿಯಲ್ಲಿ ಲಾಳ ಸಿಕ್ಕಿತೆಂದು ಕುದುರೆ ಕೊಳ್ಳಹೊರಟವನ ಕಥೆ ಇದಲ್ಲವೆ ಎಂಬುದು ಮೊದಲನೆಯದು. ಈ ಆಕ್ಷೇಪಣೆಯಲ್ಲಿ ತೂಕವಿದೆ. ಕೈಯಲ್ಲಿರುವುದು ಒಂದು ಫಿಲ್ಟರೋ ಒಂದು ಫ್ಲಾಷೋ ಆಗಿದ್ದರೆ ಅದಕ್ಕಾಗಿ ಕ್ಯಾಮರಾ ಹುಡುಕುವುದು ಲಾಳಕ್ಕೆ ಕುದುರೆ ಹುಡುಕಿದಂತೆಯೇ ಸರಿ. ಮಸೂರ ಲಾಳವಲ್ಲ. ಚಿತ್ರವನ್ನು ಬರೆಯುವುದು ಮಸೂರ. ಫಿಲ್ಮ್ ಕ್ಯಾಮರಾದ ಉಳಿದ ಭಾಗವೆಲ್ಲ ಕತ್ತಲೆಯನ್ನು ಕಾಪಾಡುವ ಒಂದು ಪೆಟ್ಟಿಗೆ, ಕಾಲವನ್ನು ಅಳೆಯುವ ಒಂದು ಬಾಗಿಲು. ಬಾಗಿಲು ಸವೆಯುತ್ತದೆ, ಚೆನ್ನಾಗಿಟ್ಟುಕೊಂಡ ಗಾಜು ಸವೆಯುವುದಿಲ್ಲ. ಇಂದಿನ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮರಾಗಳಲ್ಲಿ ಪೀಠದೂರ 16ರಿಂದ 20 ಮಿ.ಮೀ. ಅಷ್ಟಕ್ಕೇ ಇಳಿದಿರುವುದರಿಂದ, ಮೇಲೆ ಹೇಳಿದ ಮಸೂರಗಳೆಲ್ಲವೂ ಬಳೆಯ ಮೂಲಕ ಅವುಗಳಿಗೂ ಹೊಂದುತ್ತವೆ. ಮಸೂರ ಹಲವು ಕ್ಯಾಮರಾಗಳ ಆಯುಸ್ಸನ್ನು ಕಾಣಬಲ್ಲುದು.

ಮೊಬೈಲು ಫೋನು ಇರುವಾಗ ಈ ಶ್ರಮವೇಕೆ ಎಂಬುದು ಎರಡನೆಯ ಆಕ್ಷೇಪಣೆ. ಚಿತ್ರವಷ್ಟೇ ಬೇಕಾದವರಿಗೆ ಫೋನೇ ಸಾಕು; ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಫೋನಿನಲ್ಲಿ ಸಂಗಮದೂರ, ರಂಧ್ರದ ವ್ಯಾಸ, ಬೆಳಕು ಬಿದ್ದ ಕಾಲ ಇವೆಲ್ಲ ಯಂತ್ರದೊಳಗೆ ಅಡಗಿ ಕುಳಿತಿವೆ. ಹಳೆಯ ಕ್ಯಾಮರಾದಲ್ಲಿ ಇವು ವಿದ್ಯಾರ್ಥಿಯ ಬೆರಳಿನ ತುದಿಯಲ್ಲಿವೆ. ಅಲ್ಲಿ ತಪ್ಪಿದರೆ ದಂಡವೂ ಉಂಟು: 35 ಮಿ.ಮೀ. ಫಿಲ್ಮಿನ ಒಂದು ಸುರುಳಿಯಲ್ಲಿ 36 ಚಿತ್ರಗಳು ಮಾತ್ರ. 1960ರಲ್ಲಿ ಸ್ಥಾಪಿತವಾಗಿ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿದ್ದ ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಇಂದು ಮುಚ್ಚಿಹೋಗಿದೆ. ಹೊರದೇಶದಿಂದ ಬರುವ ಫಿಲ್ಮಿಗೆ ಬೆಲೆ ತೆರಬೇಕಾದ ವಿದ್ಯಾರ್ಥಿ ಅಳತೆ ತಪ್ಪಿದ ಕ್ಯಾಮರಾದಲ್ಲಿ ಒಂದು ಸುರುಳಿಯನ್ನು ಕಳೆದುಕೊಳ್ಳುವುದನ್ನು ನಾವು ನೋಡಲಾರೆವು.

ಹಾಗಾದರೆ ಕೊಳ್ಳುವ ಮುನ್ನ ಮಾಡತಕ್ಕ ಪರೀಕ್ಷೆ ಯಾವುದು? ಕಾಲನ್ನು ಮನೆಯಲ್ಲಿ ಬಿಟ್ಟು ಜೋಡು ಕೊಳ್ಳಹೋಗುವವರಿಲ್ಲ. ಹಾಗೆಯೇ ಮಸೂರವನ್ನು ಜೊತೆಗೆ ಒಯ್ಯದೆ ಕ್ಯಾಮರಾ ಕೊಳ್ಳಹೋಗಬಾರದು. ಮೊದಲು ಕಾಲೇಜಿನ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಮಸೂರದ ತಿರುಪಿನ ವ್ಯಾಸವನ್ನು ಅಳೆಯಿರಿ. 39 ಮತ್ತು 42 ಮಿ.ಮೀ.ಗಳ ಭೇದ ಒಡನೆಯೇ ತಿಳಿಯುತ್ತದೆ. ಬಳಿಕ ಮಸೂರವನ್ನು ಕ್ಯಾಮರಾಗೆ ಹಾಕಿ, ಫಿಲ್ಮ್ ಇಲ್ಲದಿರುವಾಗ ಹಿಂದಿನ ಬಾಗಿಲನ್ನು ತೆರೆದು, ಫಿಲ್ಮ್ ಜಾರುವ ಕಂಬಿಗಳ ಮೇಲೆ ಒಂದು ತುಂಡು ಬೆಣ್ಣೆಕಾಗದವನ್ನು ಬಿಗಿಯಾಗಿ ಹರಡಿ. ಷಟರಿನ ಪರದೆಗೆ ಬೆರಳು ತಾಗಕೂಡದು. ಷಟರನ್ನು ‘ಬಿ’ ಗುರುತಿಗಿಟ್ಟು, ಗುಂಡಿಯನ್ನು ಒತ್ತಿ ಹಿಡಿದು, ಮಸೂರದ ರಂಧ್ರವನ್ನು ಪೂರ್ತಿ ತೆರೆದು, ಅನಂತದ ಗುರುತಿಗೆ ತಿರುಗಿಸಿ, ದೂರದ ಬೆಟ್ಟದ ಅಂಚಿಗೆ ಗುರಿಯಿಡಿ. ತರೀಕೆರೆಯವರಿಗೆ ಬಾಬಾಬುಡನ್ ಗಿರಿಶ್ರೇಣಿಯೇ ಇದೆ. ಬಯಲಿನವರು ದೂರದ ತೆಂಗಿನ ಸಾಲನ್ನೋ ನೀರಿನ ಟ್ಯಾಂಕನ್ನೋ ಆರಿಸಬಹುದು. ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಬೇಡಿ. ಕಾಗದದ ಮೇಲೆ ತಲೆಕೆಳಗಾಗಿ ಮೂಡಿದ ಬಿಂಬವನ್ನು ಭೂತಗನ್ನಡಿಯಿಂದ ನೋಡಿ. ಅಂಚು ಸ್ಫುಟವಾಗಿದ್ದರೆ ಅಳತೆ ಹೊಂದಿತು. ಮಸುಕಾಗಿದ್ದರೆ ಎಂಥ ಹೆಸರಿದ್ದರೂ ಹಿಂದಕ್ಕೆ ಕೊಡಿ.

ಮಸೂರದ ಆರೋಗ್ಯವನ್ನೂ ನೋಡಬೇಕು. ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದಾಗ ಒಳಗೆ ಜೇಡನ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಕಡೂರಿನ ಒಣ ಹವೆಗಿಂತ ತರೀಕೆರೆ, ಲಕ್ಕವಳ್ಳಿಗಳ ಮಳೆಗಾಲದ ತೇವದಲ್ಲಿ ಅದು ಹೆಚ್ಚು ಬೇಗ ಹಬ್ಬುತ್ತದೆ. ಬಹಳ ಕಾಲ ಬಿಟ್ಟರೆ ಅದು ಗಾಜಿನ ಲೇಪವನ್ನೇ ತಿನ್ನುತ್ತದೆ. ಅಂಥ ಮಸೂರಕ್ಕಾಗಿ ಕ್ಯಾಮರಾ ಕೊಳ್ಳುವುದು ವ್ಯರ್ಥ. ಅದನ್ನು ಒಳ್ಳೆಯ ಮಸೂರಗಳ ಜೊತೆಗೆ ಇಡುವುದೂ ಸಲ್ಲದು.

ಕೊನೆಯಲ್ಲಿ ಒಂದು ಸಲಹೆ. ಕಡೂರು, ತರೀಕೆರೆ, ಅಜ್ಜಂಪುರ ಒಂದೇ ರೈಲುಜಾಲದ ಮೇಲಿನ ನೆರೆಯ ಊರುಗಳು. ಇಲ್ಲಿನ ವಿದ್ಯಾರ್ಥಿಗಳು ಒಬ್ಬೊಬ್ಬರು ಒಂದೊಂದು ಪದ್ಧತಿಯ ಕ್ಯಾಮರಾ ಕೊಂಡರೆ ಯಾರ ಮಸೂರವೂ ಯಾರಿಗೂ ಉಪಯೋಗವಾಗದು. ಇದಕ್ಕೆ ಬದಲಾಗಿ, ಮನೆಗಳಲ್ಲಿರುವ ಮಸೂರಗಳನ್ನೆಲ್ಲ ಮೊದಲು ಅಳೆದು, ಮೂರು ಊರುಗಳ ಕಾಲೇಜುಗಳಲ್ಲಿ ಒಂದು ಪಟ್ಟಿ ಮಾಡಿಡಲಿ. ಹೆಚ್ಚು ಮಸೂರಗಳು ಯಾವ ಅಳತೆಗೆ ಸೇರುತ್ತವೆಯೋ ಆ ಪದ್ಧತಿಯ ಕ್ಯಾಮರಾಗಳನ್ನೇ ಇನ್ನು ಮುಂದೆ ಕೊಳ್ಳಲಿ. ತಿರುಪಿನ ಮಸೂರಗಳೇ ಹೆಚ್ಚೆಂದು ಕಂಡುಬಂದರೆ ತಿರುಪಿನ ಕ್ಯಾಮರಾ ಅಥವಾ ಪೆಂಟಾಕ್ಸ್ ಕೆ ಪದ್ಧತಿಯದು ನಮ್ಮ ಆಯ್ಕೆ. ಆಗ ಅಜ್ಜಂಪುರದ ಹುಡುಗಿಯ ದೂರಮಸೂರ ಕಡೂರಿನ ಹುಡುಗನ ಕ್ಯಾಮರಾದಲ್ಲಿ ಕೂರುತ್ತದೆ. ತರೀಕೆರೆಯವರು ಇಬ್ಬರಿಂದಲೂ ಎರವಲು ಪಡೆಯಬಹುದು. ಹಣವಿಲ್ಲದ ವಿದ್ಯಾರ್ಥಿಗೂ ನಾಲ್ಕಾರು ಮಸೂರಗಳ ಸೌಕರ್ಯ ಒದಗುತ್ತದೆ. ಹಳಿಗಳ ಅಂತರ ಒಂದಾದ ಮೇಲೆ ಬಂಡಿಗಳು ಎಲ್ಲಿಂದ ಎಲ್ಲಿಗೆ ಬೇಕಾದರೂ ಓಡುತ್ತವೆ. ಅದಕ್ಕೆ ಬೇಕಾದುದು ಒಂದು ವರ್ನಿಯರ್ ಕ್ಯಾಲಿಪರ್ಸ್, ಒಂದು ತುಂಡು ಬೆಣ್ಣೆಕಾಗದ, ಕೊಳ್ಳುವ ಮುನ್ನ ಅಳೆಯುವಷ್ಟು ತಾಳ್ಮೆ.